ಶೆಡ್ಡಿನಲ್ಲಿ ಹೆರಾಲ್ಡ್ ನಿಲ್ಲಿಸಿಕೊಂಡವರಿಗೆ ಒಂದು ಬಹಿರಂಗ ಪತ್ರ



ಹೆರಾಲ್ಡ್ ಕಾರು ಕೊಂಡವರು, ಅಜ್ಜನಿಂದ ಪಡೆದವರು, ಗುಜರಿ ಅಂಗಡಿಯ ಬಾಗಿಲಿನಿಂದ ಬಿಡಿಸಿ ತಂದವರು, ಯಾರೇ ಸಿಕ್ಕರೂ ನನ್ನನ್ನು ಮೊದಲು ಕೇಳುವುದು ಒಂದೇ: ಯಾವ ಬಣ್ಣ ಹೊಡೆಸಲಿ? ಕಾರು ಹಿತ್ತಲಿನ ಶೀಟಿನ ಕೆಳಗೆ ಇಟ್ಟಿಗೆಗಳ ಮೇಲೆ ಕೂತಿರುತ್ತದೆ. ಕಾಲಿಡುವ ಜಾಗದಲ್ಲಿ ತಗಡು ಹೋಗಿ ಮಣ್ಣು ಕಾಣುತ್ತಿರುತ್ತದೆ. ಡಿಕ್ಕಿಯಲ್ಲಿ ಬೆಕ್ಕು ಮರಿ ಹಾಕಿರುತ್ತದೆ. ಮಾಲೀಕರ ಮೊಬೈಲಿನಲ್ಲಿ ಮಾತ್ರ ಕೆಂಪು, ಕೆನೆಬಿಳಿ, ತಿಳಿನೀಲಿ ಹೆರಾಲ್ಡ್‌ಗಳ ಚಿತ್ರಗಳು ಸಾಲುಗಟ್ಟಿರುತ್ತವೆ. ಎಲ್ಲವೂ ಟಾಪು ತೆರೆದವು, ಎಲ್ಲದರ ಹಿಂದೆಯೂ ಸಮುದ್ರ.

ಬಣ್ಣದ ಪ್ರಶ್ನೆಗೆ ಈ ಪತ್ರದಲ್ಲಿ ಉತ್ತರವಿದೆ, ಆದರೆ ಬಹಳ ಕೆಳಗೆ. ಅದಕ್ಕೂ ಮೊದಲು ಒಂದು ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಗೆ ಬನ್ನಿ ಎಂಬುದೇ ನನ್ನ ಬಿನ್ನಹ. ಚಾವಣಿ ಇಲ್ಲದ ಕಾರಿಗೆ ಇರುವ ಬಲವೆಲ್ಲ ಅಡಿಯಲ್ಲೇ. ಮೇಲಿನ ಹೊಳಪಿಗೆ ಸುರಿಯುವ ದುಡ್ಡಿನಲ್ಲಿ, ಸಮಯದಲ್ಲಿ, ಮುತುವರ್ಜಿಯಲ್ಲಿ ಮೊದಲ ಪಾಲು ಅಲ್ಲಿಗೆ ಹೋಗದಿದ್ದರೆ ನೀವು ಮಾಡುತ್ತಿರುವುದು ಕಾರಿನ ದುರಸ್ತಿಯಲ್ಲ, ಫೋಟೋದ ತಯಾರಿ.

ಈ ಕಾರು ಹೀಗೇಕೆ ಹುಟ್ಟಿತು ಎಂದು ತಿಳಿದರೆ ಎಲ್ಲಿಂದ ಕೆಲಸ ಶುರು ಮಾಡಬೇಕೆಂಬುದೂ ತಿಳಿಯುತ್ತದೆ. 1950ರ ದಶಕದಲ್ಲಿ ಸಣ್ಣ ಕಾರು ಮಾಡುವವರಲ್ಲಿ ಬಹಳಷ್ಟು ಮಂದಿ ಚಾಸಿಯನ್ನು ಕೈಬಿಟ್ಟು, ಬಾಡಿಯನ್ನೇ ಬಲವಾದ ಒಂದು ಪೆಟ್ಟಿಗೆಯಂತೆ ಬೆಸೆಯುವ ಮಾನೊಕಾಕ್ ಪದ್ಧತಿಗೆ ತಿರುಗಿದ್ದರು. ಕಾವೆಂಟ್ರಿಯ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೂ ಅದೇ ಬೇಕಿತ್ತು. ಆದರೆ ಅವರಿಗೆ ಬಾಡಿ ಒದಗಿಸುತ್ತಿದ್ದ ಫಿಷರ್ ಅಂಡ್ ಲಡ್ಲೋ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಬಿಎಂಸಿ ಕೊಂಡುಬಿಟ್ಟಿತ್ತು. ಇಡೀ ಬಾಡಿಯನ್ನು ಒಂದೇ ಕಡೆ ಒತ್ತಿಸಿ ಬೆಸೆಸಿಕೊಳ್ಳುವ ದಾರಿ ಮುಚ್ಚಿತು. ಹಾಗಾಗಿ ಹಳೆಯ ಕಾಲದಂತೆ ಪ್ರತ್ಯೇಕ ಚಾಸಿ ಹಾಕಿ, ಬಾಡಿಯ ತುಂಡುಗಳನ್ನು ಬೇರೆ ಬೇರೆ ಕಡೆ ಮಾಡಿಸಿ, ಬೋಲ್ಟಿನಿಂದ ಜೋಡಿಸುವ ಉಪಾಯ ಹೂಡಿದರು. ಟ್ಯೂರಿನ್ನಿನ ಜೊವಾನಿ ಮಿಕೆಲೊಟ್ಟಿ ಅದಕ್ಕೆ ಚೂಪು ಅಂಚಿನ ಚೆಂದದ ಮೈ ಬರೆದ. 1959ರಲ್ಲಿ ಕಾರು ಬಂತು, ಮರುವರ್ಷ ಅದರ ಟಾಪು ಮಡಚುವ ರೂಪ, ಕನ್ವರ್ಟಿಬಲ್, ಬಂತು. ಬಾನೆಟ್ಟು ಎರಡೂ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಮುಂದಿನ ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. 25 ಅಡಿಯ ವೃತ್ತದೊಳಗೆ ಕಾರು ಪೂರ್ತಿ ತಿರುಗುತ್ತದೆ. ಚಿಕ್ಕಪೇಟೆಯ ಗಲ್ಲಿಗಳಿಗೆ ಹೇಳಿ ಮಾಡಿಸಿದ ಕಾರು ಎಂದು ನಮ್ಮ ಹಿರಿಯರು ಹೊಗಳುತ್ತಿದ್ದದ್ದು ಸುಮ್ಮನೆ ಅಲ್ಲ.

1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಇದನ್ನು 948 ಸಿಸಿ ಎಂಜಿನ್ನಿನೊಂದಿಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಮಾಡಿತು. ಮೊದಲು ಎರಡು ಬಾಗಿಲು, ಆಮೇಲೆ ನಾಲ್ಕು ಬಾಗಿಲಿನದು. 1970ರ ದಶಕದಲ್ಲಿ ಇದೇ ಗೆಝೆಲ್ ಎಂಬ ಕಾರಾಯಿತು. ಮದ್ರಾಸು ಹತ್ತಿರವಾದ್ದರಿಂದ ನಮ್ಮೂರುಗಳಿಗೂ ಬಂದವು. ವೈದ್ಯರು, ವಕೀಲರು, ಕಾಲೇಜು ಮೇಷ್ಟ್ರುಗಳು ಓಡಿಸಿದರು. ಈಗ ನಿಮ್ಮ ಶೆಡ್ಡಿನಲ್ಲಿ ನಿಂತಿರುವುದು ಬಹುಶಃ ಅವುಗಳಲ್ಲೇ ಒಂದು.

ಬೋಲ್ಟಿನಿಂದ ಜೋಡಿಸಿದ ಕಾರಾದ್ದರಿಂದ ಇದರ ಚಾವಣಿಯನ್ನೂ ಬೋಲ್ಟು ಬಿಚ್ಚಿ ಎತ್ತಿಬಿಡಬಹುದು. ನಿಮ್ಮಲ್ಲಿ ಅನೇಕರಿಗೆ ನಿದ್ದೆಗೆಡಿಸಿರುವ ವಿಷಯ ಇದೇ ಎಂದು ನನಗೆ ಗೊತ್ತು. ಒಂದು ಮಧ್ಯಾಹ್ನ, ಇಬ್ಬರು ಗೆಳೆಯರು, ಕೈಯಲ್ಲಿ ಪಾನಾ ಇದ್ದರೆ ಮುಚ್ಚಿದ ಕಾರು ಓಪನ್ ಕಾರಾಗುತ್ತದೆ. ಇಂಗ್ಲೆಂಡಿನಲ್ಲೂ ಎಷ್ಟೋ ಸಲೂನುಗಳ, ಅಂದರೆ ಮುಚ್ಚಿದ ಕಾರುಗಳ, ತಲೆ ಹೀಗೆ ಹೋಗಿದೆ. ದಯವಿಟ್ಟು ಅವಸರ ಮಾಡಬೇಡಿ. ಕಾರ್ಖಾನೆಯಲ್ಲೇ ಕನ್ವರ್ಟಿಬಲ್ ಆಗಿ ಹುಟ್ಟಿದ ಹೆರಾಲ್ಡಿನಲ್ಲಿ ಬಾಗಿಲ ಹಿಂದಿನ ಕಂಬಗಳಿಗೆ ಹೆಚ್ಚಿನ ಬಲ ಕೊಟ್ಟಿರುತ್ತಾರೆ, ಟಾಪು ಮಡಚಿಡಲು ಬೇರೆಯದೇ ಜಾಗ ಇರುತ್ತದೆ. ಬರೀ ಚಾವಣಿ ಕಳಚಿದ ಸಲೂನಿಗೆ ಅವೆರಡೂ ಇಲ್ಲ. ಕೆಳಗೆ ಚಾಸಿ ಇರುವುದರಿಂದ ಅದು ಅಲ್ಲೇ ಮುರಿದು ಬೀಳುವುದಿಲ್ಲ ಎಂಬುದು ನಿಜ, ಹಳ್ಳಕ್ಕೆ ಇಳಿದಾಗಲೆಲ್ಲ ಬಾಗಿಲುಗಳು ತಾವೇ ತೆರೆದುಕೊಳ್ಳುವುದೂ ನಿಜ. (ಅಂಬಾಸಿಡರ್, ಫಿಯೆಟ್‌ಗಳ ತಲೆ ಕತ್ತರಿಸಿ ಮೆರವಣಿಗೆ ಕಾರು ಮಾಡುವವರ ಮಾತು ಇನ್ನೂ ಬೇರೆ. ಅವು ಚಾಸಿಯಿಲ್ಲದ ಕಾರುಗಳು. ಚಾವಣಿಯೇ ಅವುಗಳ ಬೆನ್ನೆಲುಬಿನ ಭಾಗ. ಮದುಮಕ್ಕಳನ್ನು ಅಂಥದ್ದರಲ್ಲಿ ಕೂರಿಸುವುದು ಧೈರ್ಯವೋ ಅಜ್ಞಾನವೋ ನನಗೆ ತಿಳಿಯದು.)

ಕಾನೂನಿನ ಕಡೆಯಿಂದಲೂ ಒಂದು ಕಾರಣವಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ತಂದಿತು. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ, ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ಹಳೆಯ ನೋಂದಣಿ ಇರುವ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಕಾರು ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಚಾವಣಿ ಬಿಚ್ಚಿದ ಸಲೂನನ್ನು ತಪಾಸಣೆಗೆ ಒಯ್ದು ‘ಇದು ಹುಟ್ಟಿದ್ದೇ ಹೀಗೆ’ ಎನ್ನುವ ಧೈರ್ಯ ನಿಮಗಿದ್ದರೆ ಇರಲಿ. ಇನ್ನೊಂದು ಮಾತು: ವಿಂಟೇಜ್ ಆಗಿ ನೋಂದಣಿಯಾದ ಕಾರನ್ನು ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ದುರಸ್ತಿ ಇಂಥವುಗಳಿಗಷ್ಟೇ ರಸ್ತೆಗಿಳಿಸಬಹುದು, ದಿನಬಳಕೆಗೆ ಅಲ್ಲ. ಆರ್‌ಸಿ ಪುಸ್ತಕ ಜೀವಂತವಿರುವವರು ಅದನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗುವುದು ಮೇಲು ಎಂಬುದು ನನ್ನ ಎಣಿಕೆ. ಕಾರು ಓಡಬೇಕು. ನಿಂತ ಕಾರಿಗೇ ತುಕ್ಕು ಮೊದಲು.

ಈಗ ಅಡಿಗೆ ಬನ್ನಿ. ಇಟ್ಟಿಗೆಯನ್ನು ನಂಬಿ ಅಲ್ಲ, ಜಾಕಿಯನ್ನು ನಂಬಿಯೂ ಅಲ್ಲ. ಗಟ್ಟಿ ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳನ್ನು ಇಟ್ಟು, ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ನುಗ್ಗಿ. ನಡುವೆ ಉದ್ದಕ್ಕೆ ಹೋಗಿರುವ ಎರಡು ದಪ್ಪ ಪೆಟ್ಟಿಗೆ ತೊಲೆಗಳು ಚಾಸಿಯ ಮೂಲ. ಅವುಗಳಿಂದ ಎರಡೂ ಪಕ್ಕಕ್ಕೆ ಚಾಚಿಕೊಂಡ ತೋಳುಗಳಿಗೆ ಔಟ್‌ರಿಗರ್ ಎನ್ನುತ್ತಾರೆ. ಬಾಡಿಯ ಅಂಚಿನ ಭಾರ ಇವುಗಳ ಮೇಲೆ. ಬಾಗಿಲ ಕೆಳಗಿನ ಉದ್ದ ತಗಡಿನ ಪಟ್ಟಿಯನ್ನು ಕಂಡು ಹೆದರಬೇಡಿ, ಮೋಸಹೋಗಲೂ ಬೇಡಿ. ಎಂಜಿಬಿಯಂಥ ಮಾನೊಕಾಕ್ ಓಪನ್ ಕಾರುಗಳಲ್ಲಿ ಆ ಜಾಗವೇ ಜೀವ. ಹೆರಾಲ್ಡಿನಲ್ಲಿ ಹೊರಗೆ ಕಾಣುವ ಆ ಪಟ್ಟಿ ಬೋಲ್ಟಿನಿಂದ ಕೂತ ಮುಚ್ಚಳ ಅಷ್ಟೆ. ಆದ್ದರಿಂದಲೇ ಮಾರುವವರು ಅದನ್ನು ಹೊಸದಾಗಿ ಹಾಕಿ, ಹೊಳೆಯುವಂತೆ ಬಣ್ಣ ಬಳಿದು, ‘ಅಡಿ ಎಲ್ಲ ಗಟ್ಟಿ ಸಾರ್’ ಎಂದು ತೋರಿಸುತ್ತಾರೆ. ಅದರ ಹಿಂದೆ ಅಡಗಿರುವ ಔಟ್‌ರಿಗರ್ ಒಣಗಿದ ಹಪ್ಪಳದಂತಾಗಿರುತ್ತದೆ.

ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಸತ್ತದ್ದು ದಬ್ ಎನ್ನುತ್ತದೆ, ಮಣ್ಣು ಉದುರುತ್ತದೆ. ದಬ್ ಎಂದ ಕಡೆ ಮೊನೆಯಿಂದ ಒತ್ತಿ. ತೂರಿಕೊಂಡು ಹೋದರೆ ಬೇಸರಪಡಬೇಡಿ, ಸೀಮೆಸುಣ್ಣದಿಂದ ಸುತ್ತು ಹಾಕಿ ಮುಂದಕ್ಕೆ ಹೋಗಿ. ಪೆಟ್ಟಿಗೆ ತೊಲೆಗಳಿಗೆ ಒಳಗಡೆ ಬಣ್ಣ ಬಿದ್ದಿದ್ದು ಕಡಿಮೆ. ಒಳಗೆ ಮಣ್ಣು ಸೇರಿ, ಅದು ನೀರು ಹಿಡಿದುಕೊಂಡು, ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತಾ ಬರುತ್ತದೆ. ನಿಮಗೆ ಮೇಲೆ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ಊಟ ಮುಗಿದಿರುತ್ತದೆ. ತುಕ್ಕಿಗೆ ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು. ಹಾಗಾಗಿ ಎರಡು ತಗಡು ಕೂಡುವ ಕಡೆ ಅದು ಉಬ್ಬಿ ಬೆಸುಗೆಯನ್ನೇ ಬಿಡಿಸುತ್ತದೆ. ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಸಾಕು, ಮಳೆ ಬರಲೇಬೇಕೆಂದಿಲ್ಲ. ಉಪ್ಪಿದ್ದರೆ ಇನ್ನೂ ಬೇಗ. ಮಂಗಳೂರು, ಕಾರವಾರದ ಮಿತ್ರರೇ, ಬಳ್ಳಾರಿಯ ಬಿಸಿಲಲ್ಲಿ ಒಣಗಿದ ಕಾರು ಸಿಕ್ಕರೆ ಅದರ ಬಣ್ಣ ಎಷ್ಟೇ ಸುಟ್ಟಿರಲಿ, ಕಡಲ ದಂಡೆಯ ಹೊಳೆಯುವ ಕಾರಿಗಿಂತ ಅದನ್ನೇ ಆರಿಸಿ.

ಕತ್ತರಿಸುವ ಮುನ್ನ ಬಾಗಿಲುಗಳನ್ನು ನೋಡಿ. ಓಪನ್ ಕಾರಿನಲ್ಲಿ ಬಾಗಿಲೇ ಅಳತೆಗೋಲು. ಕಾರು ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಬಾಗಿಲು ಮುಚ್ಚಿ ಸುತ್ತಲಿನ ಸಂದು ಗಮನಿಸಿ. ಹಿಂದಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ನಡು ಕುಸಿದಿದೆ ಎಂದರ್ಥ. ಈ ಸಂದುಗಳನ್ನು ಸರಿಪಡಿಸಿಕೊಂಡು, ಬಾಗಿಲ ತೆರಪಿಗೆ ಅಡ್ಡಲಾಗಿ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಕಬ್ಬಿಣದ ಕೊಳವೆ ಬಿಗಿದು, ಆಮೇಲೆ ಗ್ರೈಂಡರ್ ಎತ್ತಿ. ಹೆರಾಲ್ಡಿನ ಬಾಡಿ ಮುಂದೊಂದು, ಹಿಂದೊಂದು ಎಂದು ಎರಡು ಭಾಗವಾಗಿ ನಡುವೆ ಬೋಲ್ಟಿನಿಂದ ಕೂಡಿದೆ. ಅಡ್ಡಕೊಳವೆ ಇಲ್ಲದೆ ಎತ್ತಿದರೆ ಎರಡೂ ತಮ್ಮ ತಮ್ಮ ಇಷ್ಟದಂತೆ ಬಾಗುತ್ತವೆ. ಮತ್ತೆ ಕೂರಿಸುವಾಗ ಬಾಗಿಲು ಮುಚ್ಚುವುದಿಲ್ಲ, ಮುಚ್ಚಿದರೆ ತೆಗೆಯಲು ಬರುವುದಿಲ್ಲ.

ಬಾಡಿಯನ್ನು ಚಾಸಿಯಿಂದ ಎತ್ತಲೇಬೇಕೇ? ಇಲ್ಲಿ ನಾನು ಪುಸ್ತಕಗಳ ಮಾತಿಗೆ ವಿರುದ್ಧ ಹೇಳುತ್ತೇನೆ. ಮನೆಯಲ್ಲಿ, ಭಾನುವಾರಗಳಲ್ಲಿ, ಒಬ್ಬಂಟಿಯಾಗಿ ಕೆಲಸ ಮಾಡುವವರು ಪೂರ್ತಿ ಬಿಚ್ಚಬೇಡಿ. ನಾನು ಕಂಡ ಸತ್ತ ಹೆರಾಲ್ಡ್‌ಗಳಲ್ಲಿ ಬಹುಪಾಲು ತುಕ್ಕಿನಿಂದ ಸತ್ತವಲ್ಲ, ಬಿಚ್ಚಿಟ್ಟು ಸತ್ತವು. ಬಿಚ್ಚುವುದು ಎರಡು ವಾರದ ಉತ್ಸಾಹದ ಕೆಲಸ. ಜೋಡಿಸುವ ಹೊತ್ತಿಗೆ ಮಗಳ ಪರೀಕ್ಷೆ ಬರುತ್ತದೆ, ವರ್ಗಾವಣೆ ಬರುತ್ತದೆ, ಮನೆಗೆ ಮಹಡಿ ಕಟ್ಟಿಸಬೇಕಾಗುತ್ತದೆ. ಮರಳಿನ ಲಾರಿ ಬಂದ ದಿನ ಚಾಸಿ ಹೊರಗೆ, ಬಾಡಿ ಇನ್ನೊಬ್ಬರ ಕಾಂಪೌಂಡಿಗೆ. ಅದರ ಬದಲು ಒಂದು ಔಟ್‌ರಿಗರ್ ಕತ್ತರಿಸಿ, ಹೊಸದನ್ನು ಅದೇ ಜಾಗಕ್ಕೆ ಬೆಸೆದು, ಬಾಗಿಲ ಸಂದು ನೋಡಿ, ಆಮೇಲೆ ಎರಡನೆಯದಕ್ಕೆ ಕೈ ಹಾಕಿ. ಬಾಡಿ ತನ್ನ ಚಾಸಿಯ ಮೇಲೇ ಇದ್ದಷ್ಟು ಕಾಲ ಅಳತೆ ಕೈತಪ್ಪುವುದಿಲ್ಲ, ಕಾರು ಕಾರಾಗಿಯೇ ಇರುತ್ತದೆ. ಬಿಚ್ಚಿದ ಬೋಲ್ಟುಗಳನ್ನು ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಾಕಿ ಚೀಟಿ ಅಂಟಿಸಿ. ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿಯುವವರಿಗೆ ನನ್ನ ಬಳಿ ಯಾವ ಸಲಹೆಯೂ ಇಲ್ಲ.

ಬೆಸುಗೆಯನ್ನು ನೀವೇ ಕಲಿಯಬಹುದು, ಕಲಿಯದೆಯೂ ಇರಬಹುದು. ಕಲಿಯುವುದಾದರೆ ಮಿಗ್ ವೆಲ್ಡಿಂಗ್ ಕಲಿಯಿರಿ. ಗ್ಯಾಸ್ ಬೆಸುಗೆಯ ಕಾವು ತೆಳು ತಗಡನ್ನು ಅಲೆಅಲೆಯಾಗಿ ಸುಕ್ಕುಗಟ್ಟಿಸುತ್ತದೆ. ಉದ್ದಕ್ಕೆ ಎಳೆಯದೆ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಹಾಕುತ್ತಾ, ನಡುವೆ ಆರಲು ಬಿಡುತ್ತಾ ಹೋಗಬೇಕು. ಬಾಡಿಗೆ 20 ಗೇಜಿನ ಸಿಆರ್ ಶೀಟು ಸಾಕು, ಚಾಸಿಗೆ ಅದಕ್ಕಿಂತ ದಪ್ಪನೆಯದು ಬೇಕು. ಪೆಟ್ರೋಲ್ ಟ್ಯಾಂಕನ್ನು ಕಳಚಿ ಮನೆಯ ಇನ್ನೊಂದು ತುದಿಗೆ ಒಯ್ಯಿರಿ. ‘ಖಾಲಿ ಇದೆ’ ಎಂದು ಟ್ಯಾಂಕಿಗೇ ಬೆಸುಗೆ ಹಾಕಲು ಹೋಗಬೇಡಿ. ಪೆಟ್ರೋಲು ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನ ಆವಿ ಅಪಾಯಕಾರಿ. ಕೆಲಸ ನಿಲ್ಲಿಸಿದ ಮೇಲೂ ಅರ್ಧ ಗಂಟೆ ಅಲ್ಲೇ ಕೂತಿರಿ, ಹಳೆಯ ಕಾರ್ಪೆಟ್ಟಿನೊಳಗೆ ಕಿಡಿ ನಿಧಾನವಾಗಿ ಎದ್ದು ಕೂರುತ್ತದೆ.

ಕಲಿಯುವುದಿಲ್ಲ ಎನ್ನುವವರು ಟಿಂಕರಿಂಗ್ ಕೆಲಸದವರನ್ನು ಮನೆಗೇ ಕರೆಸಿ. ಈ ಕಾರುಗಳು ಹೊಸದಾಗಿದ್ದಾಗ ಶಾಗಿರ್ದರಾಗಿ ಸೇರಿದ್ದ ಹಿರಿಯರು ಬೆಂಗಳೂರಿನ ಶಿವಾಜಿನಗರ, ಕಲಾಸಿಪಾಳ್ಯದ ಗಲ್ಲಿಗಳಲ್ಲಿ ಇನ್ನೂ ಒಬ್ಬಿಬ್ಬರು ಇದ್ದಾರೆ. ಮರದ ಸುತ್ತಿಗೆ, ಮರಳಿನ ಚೀಲ, ಒಂದು ತುಂಡು ರೈಲುಕಂಬಿ ಇಟ್ಟುಕೊಂಡು ಮಡ್‌ಗಾರ್ಡಿನ ಬಾಗನ್ನು ಕಣ್ಣಂದಾಜಿನಲ್ಲಿ ತೆಗೆಯುವವರು ಅವರು. ಅವರು ಪುಟ್ಟಿ ಮೆತ್ತುತ್ತಾರೆ ಎಂದು ದೂರುತ್ತೀರಿ. ದಿನಗೂಲಿ ಲೆಕ್ಕದಲ್ಲಿ ಚೌಕಾಸಿ ಮಾಡಿ, ಶುಕ್ರವಾರಕ್ಕೆ ಕಾರು ಬೇಕು ಎಂದವರಿಗೆ ಅವರು ಮೆತ್ತುತ್ತಾರೆ. ಸಮಯ ಕೊಟ್ಟು, ಒಪ್ಪಿದ ಕೂಲಿ ಕೊಟ್ಟು, ‘ಪುಟ್ಟಿ ಬೇಡ, ತಗಡೇ ಬೇಕು’ ಎಂದು ಮೊದಲೇ ಹೇಳಿ ನೋಡಿ. ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂರಿ. ಪ್ರಶ್ನೆ ಕಡಿಮೆ ಮಾಡಿ, ಟೀ ಜಾಸ್ತಿ ತರಿಸಿ.

ಸಣ್ಣ ಭಾಗಗಳ ತುಕ್ಕು ತೆಗೆಯಲು ಮನೆಯಲ್ಲೇ ಆಗುವ ಒಂದು ಸೊಗಸಾದ ವಿಧಾನವಿದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಅದಕ್ಕೆ ಒಂದಿಷ್ಟು ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರಿನ ಪ್ಲಸ್ಸಿಗೆ ಬೇಡದ ಕಬ್ಬಿಣದ ತಗಡು, ಮೈನಸ್ಸಿಗೆ ತುಕ್ಕು ಹಿಡಿದ ಭಾಗ. ಎರಡೂ ಒಂದಕ್ಕೊಂದು ತಗಲಬಾರದು. ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಕಪ್ಪು ಕೆಸರಾಗಿ ಬಿಟ್ಟುಕೊಳ್ಳುತ್ತದೆ, ಒಳ್ಳೆಯ ಕಬ್ಬಿಣ ಒಂದಿನಿತೂ ಸವೆಯುವುದಿಲ್ಲ. ಏಳುವ ಗುಳ್ಳೆಗಳು ಹೈಡ್ರೋಜನ್, ಆದ್ದರಿಂದ ಬಯಲಲ್ಲಿ ಇಡಿ, ಬೀಡಿ ಸಿಗರೇಟು ದೂರ. ಸೋಡಾದ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ. ಕಬ್ಬಿಣದ ತಗಡಿನ ಬದಲು ಸ್ಟೀಲ್ ತಟ್ಟೆ ಹಾಕಿದರೆ ಕ್ರೋಮಿಯಂ ವಿಷ ನೀರಿಗಿಳಿಯುತ್ತದೆ. ಸ್ಪ್ರಿಂಗುಗಳನ್ನೂ ಗಟ್ಟಿ ಉಕ್ಕಿನ ಬೋಲ್ಟುಗಳನ್ನೂ ಈ ನೀರಿಗೂ ಹಾಕಬೇಡಿ, ಆಸಿಡ್ಡಿಗೂ ಹಾಕಬೇಡಿ. ಹೈಡ್ರೋಜನ್ ಒಳಗೆ ಸೇರಿ ಅವು ಪೆಡಸಾಗಿ ಓಡುವಾಗ ಮುರಿಯುತ್ತವೆ.

ಮುಂದಿನ ವಿಷಯವನ್ನು ದಯವಿಟ್ಟು ಎದ್ದು ಕೂತು ಓದಿ. ಹೆರಾಲ್ಡಿನ ಮುಂದಿನ ಪ್ರತಿ ಚಕ್ರದ ಬುಡದಲ್ಲಿ ಟ್ರನಿಯನ್ ಎಂಬ ಕಂಚಿನ ತುಂಡು ಇದೆ. ಚಕ್ರ ಹೊತ್ತ ಉಕ್ಕಿನ ಕಂಬದ ಕೆಳತುದಿಯಲ್ಲಿ ತಿರುಪಿನ ಮರೆ ಇದ್ದು, ಅದು ಈ ಕಂಚಿನೊಳಗೆ ತಿರುಗಿಸಿ ಕೂರುತ್ತದೆ. ನೀವು ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ಮರೆಯ ಮೇಲೇ ಚಕ್ರ ತಿರುಗುವುದು. ಅದಕ್ಕೆ ಹಾಕಬೇಕಾದದ್ದು ಎಣ್ಣೆ, 90 ನಂಬರಿನ ಗೇರ್ ಆಯಿಲ್. ಕಾರಿನಲ್ಲಿ ನಿಪ್ಪಲ್ ಕಂಡರೆ ಸಾಕು, ನಮ್ಮ ಸರ್ವಿಸ್ ಸ್ಟೇಷನ್ನುಗಳಲ್ಲಿ ಗ್ರೀಸ್ ಗನ್ನು ಹಿಡಿದು ಓಡಿ ಬರುತ್ತಾರೆ. ಗ್ರೀಸು ಮರೆಯ ತಳದವರೆಗೆ ಇಳಿಯದೆ ನಡುವೆಯೇ ಗಟ್ಟಿಯಾಗುತ್ತದೆ. ತಳದಲ್ಲಿ ನೀರು ನಿಂತು ಉಕ್ಕಿನ ಕಂಬ ತುಕ್ಕು ಹಿಡಿಯುತ್ತದೆ, ಮರೆ ಬಿಗಿಯುತ್ತದೆ. ಒಂದು ದಿನ ಗೇಟಿನಲ್ಲಿ ಕಾರು ತಿರುಗಿಸುವಾಗ ಕಂಬ ತುಂಡಾಗಿ ಚಕ್ರ ಒಳಕ್ಕೆ ಮಡಚಿ ಬೀಳುತ್ತದೆ. ಗೇಟಿನಲ್ಲಾದರೆ ಪುಣ್ಯ, ಹೆದ್ದಾರಿಯಲ್ಲಾದರೆ ಹೇಳುವುದೇನಿದೆ. ಬಣ್ಣಕ್ಕೆ ಒಂದು ಪೈಸೆ ಖರ್ಚಾಗುವ ಮೊದಲು ಎರಡೂ ಕಡೆಯ ಕಂಬ ಬಿಚ್ಚಿ, ಮರೆಯ ಮೇಲೆ ಗುಳಿ, ಸವೆತ, ಬಿರುಕು ಇದೆಯೇ ನೋಡಿ. ಅನುಮಾನವಿದ್ದರೆ ಬಿಸಾಡಿ. ಇದರಲ್ಲಿ ಜುಗಾಡ್ ಬೇಡ, ಲೇತಿನವರ ಹತ್ತಿರ ತುಂಬಿಸಿಕೊಂಡು ಬರುವುದೂ ಬೇಡ.

ಹಿಂದಿನ ಚಕ್ರಗಳದ್ದು ಸ್ವಿಂಗ್ ಆಕ್ಸಲ್. ಅಡ್ಡಲಾಗಿ ಒಂದೇ ಲೀಫ್ ಸ್ಪ್ರಿಂಗ್. ತಿರುವಿನಲ್ಲಿ ಜೋರಾಗಿ ಹೋಗಿ ಫಕ್ಕನೆ ಕಾಲು ತೆಗೆದರೆ ಹೊರಗಿನ ಚಕ್ರ ಮೈಯಡಿಗೆ ಮಡಚಿಕೊಳ್ಳಲು ನೋಡುತ್ತದೆ. ಗೆಝೆಲ್ಲಿನಲ್ಲಿ ಮದ್ರಾಸಿನವರು ಇದನ್ನು ತೆಗೆದು ಗಟ್ಟಿ ಆಕ್ಸಲ್ ಹಾಕಿದ್ದು ಸಕಾರಣವಾಗಿಯೇ. ಬ್ರೇಕಿಗೆ ಇರುವುದು ಒಂದೇ ಸರ್ಕ್ಯೂಟ್. ಒಂದು ಕೊಳವೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು, ಆದ್ದರಿಂದ ಕೊಳವೆ, ರಬ್ಬರು ಎಲ್ಲ ಹೊಸದು. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್ ಕೂಡ ಹೊಸದೇ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್ ಇದೆ. ಹಳೆಯ ರಬ್ಬರನ್ನು ಅದು ಕರಗಿಸುತ್ತದೆ, ಗಾಳಿಯ ನೀರನ್ನು ಹೀರಿ ಟ್ಯಾಂಕಿನ ತಳಕ್ಕೆ ಇಳಿಸುತ್ತದೆ. ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ಟ್ಯಾಂಕು ಬರಿದು ಮಾಡಿಡಿ.

ಬೋಲ್ಟುಗಳ ಬಗ್ಗೆಯೂ ಒಂದು ಎಚ್ಚರಿಕೆ. ಹೆರಾಲ್ಡಿನ ಬಹುತೇಕ ಬೋಲ್ಟುಗಳು ಯುಎನ್‌ಎಫ್ ಮರೆಯವು, ಇಂಚಿನ ಲೆಕ್ಕದವು. 5/16 ಇಂಚಿನ ಬೋಲ್ಟು 7.94 ಮಿಲಿಮೀಟರ್. ಹಾರ್ಡ್‌ವೇರ್ ಅಂಗಡಿಯ 8 ಮಿಲಿಮೀಟರಿನ ಬೋಲ್ಟು ಅದರ ಜಾಗಕ್ಕೆ ಒಂದೆರಡು ಸುತ್ತು ಹೋಗಿ ‘ಕೂತಿತು’ ಎಂಬ ಭ್ರಮೆ ಹುಟ್ಟಿಸುತ್ತದೆ. ಅದಕ್ಕೂ ಮುಂದೆ ಬಿಗಿದರೆ ಮರೆ ಕಿತ್ತುಬರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಇಂಚಿನ ಬೋಲ್ಟು ಇಂದಿಗೂ ಸಿಗುತ್ತದೆ. ಬಿಡಿಭಾಗಗಳಿಗೆ ಚೆನ್ನೈನ ಪುದುಪೇಟೆಯಲ್ಲಿ ಒಂದು ದಿನ ಅಲೆದಾಡಿ, ಹಳೆಯ ಭಾಗವನ್ನು ಕೈಯಲ್ಲೇ ಹಿಡಿದು ಹೋಗಿ. ಹೆಸರು ಹೇಳಿ ವಿವರಿಸಲು ನಿಂತರೆ ಬೆಲೆ ಏರುತ್ತದೆ.

ಇನ್ನು ಬಣ್ಣ. ನಿಮಗೆ ಇಷ್ಟವಾದದ್ದು. ನಿಜಕ್ಕೂ ಅಷ್ಟೆ. ಬಾನೆಟ್ಟಿನ ಒಳಮೈಯಲ್ಲಿ, ಡ್ಯಾಶ್‌ಬೋರ್ಡಿನ ಹಿಂದೆ ಹುಟ್ಟಿನ ಬಣ್ಣ ಉಳಿದಿರುತ್ತದೆ. ನನ್ನನ್ನು ಕೇಳಿದರೆ ಅದೇ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದಂತೆ ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರವಿಡಿ. ಎರಡು ಡಬ್ಬಿ ಬೆರೆಸಿ ಹೊಡೆಯುವ ಟೂಕೆ ಪೇಂಟಿನ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇದೆ. ಅದು ಒಮ್ಮೆ ಶ್ವಾಸಕೋಶಕ್ಕೆ ಒಗ್ಗದೆ ಹೋದರೆ ಜೀವನಪೂರ್ತಿ ಉಬ್ಬಸ. ಕರ್ಚೀಫು ಕಟ್ಟಿಕೊಂಡು ಹಿತ್ತಲಲ್ಲಿ ಹೊಡೆಯುವ ವಸ್ತು ಅದಲ್ಲ, ಅದನ್ನು ಪೇಂಟ್ ಬೂತಿನವರಿಗೆ ಬಿಡಿ. ಕಾಣದ ಜಾಗದ ಕೆಲಸ ಮಾತ್ರ ನೀವೇ ಮಾಡಿ: ಬೆಸುಗೆಯ ಮೇಲೆ ಸತುವಿನ ಪ್ರೈಮರ್, ಸಂದುಗಳಿಗೆ ಸೀಲರ್, ಪೆಟ್ಟಿಗೆ ತೊಲೆಗಳ ಒಳಕ್ಕೆ ಉದ್ದ ನಳಿಕೆಯಿಂದ ಮೇಣ. ಬೇಸಿಗೆಯ ಬಿಸಿಲಿನಲ್ಲಿ ಮೇಣ ಹೊಡೆದರೆ ಅದು ತಾನಾಗಿ ಹರಿದು ಮೂಲೆಮೂಲೆ ಸೇರುತ್ತದೆ. ಇದರಲ್ಲಿ ನಮ್ಮ ದೇಶ ಇಂಗ್ಲೆಂಡಿಗಿಂತ ಮೇಲು. ಕೆಳಗಿನ ನೀರಿಳಿಯುವ ತೂತುಗಳನ್ನು ಮಾತ್ರ ಮುಚ್ಚಬೇಡಿ.

ಕನ್ವರ್ಟಿಬಲ್ ಇರುವವರಿಗೆ ಬಟ್ಟೆಯ ಟಾಪು ಕಟ್ಟಕಡೆಗೆ. ಬಾಗಿಲು, ಗಾಜು, ಮುಂದಿನ ಗಾಜಿನ ಚೌಕಟ್ಟು ಎಲ್ಲ ತಮ್ಮ ಜಾಗಕ್ಕೆ ಬಂದು, ಸ್ವಲ್ಪ ದಿನ ಕಾರು ಓಡಿ ಮೈ ಕುಳಿತ ಮೇಲೆ. ಮೊದಲು ಟಾಪು ಹೊಲಿಸಿ ಆಮೇಲೆ ಬಾಗಿಲು ಸರಿಪಡಿಸಿದವರ ಕಾರಿನಲ್ಲಿ ಮಳೆ ನೇರವಾಗಿ ಡ್ರೈವರನ ಮಂಡಿಯ ಮೇಲೇ ಬೀಳುತ್ತದೆ. ಹೊಲಿಯಲು ಆಟೋ ಟಾಪಿನವರಿಗಿಂತ ಸೀಟು ಕೆಲಸದ ಹಳಬರು ವಾಸಿ. ಆದರೆ ಬಿಗಿಯುವಾಗ ನೀವೂ ಜೊತೆಗಿರಿ. ಕಬ್ಬಿಣದ ಚೌಕಟ್ಟಿನ ಪ್ರತಿ ಕೀಲು ಸಲೀಸಾಗಿ ಮಡಚಬೇಕು, ಎರಡೂ ಪಕ್ಕ ಒಂದೇ ಎತ್ತರಕ್ಕೆ ನಿಲ್ಲಬೇಕು. ರೆಕ್ಸಿನ್ನನ್ನು ಬಿಸಿಲಿನಲ್ಲಿ ಹರಡಿ ಮೆತ್ತಗೆ ಮಾಡಿಕೊಂಡು ಎಳೆದರೆ ಸುಕ್ಕಿಲ್ಲದೆ ಕೂರುತ್ತದೆ. ಒದ್ದೆ ಟಾಪನ್ನು ಮಡಚಬೇಡಿ, ಮಡಿಕೆಯಲ್ಲಿ ಬೂಷ್ಟು ಹಿಡಿದು ಹರಿಯುತ್ತದೆ. ಪ್ಲಾಸ್ಟಿಕ್ಕಿನ ಹಿಂದಿನ ಕಿಟಕಿಯನ್ನು ಮಡಚುವಾಗ ನಡುವೆ ಒಂದು ಹಳೆಯ ಕಾಟನ್ ಸೀರೆ ತುಂಡು ಹಾಸಿ. ಎಷ್ಟೇ ಚೆನ್ನಾಗಿ ಮಾಡಿದರೂ ಆಗುಂಬೆಯ ಮಳೆಯನ್ನು ಈ ಟಾಪು ತಡೆಯುವುದಿಲ್ಲ. ಕಾರಿನೊಳಗೆ ಒಂದು ಟವೆಲ್ ಇರಲಿ.

ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಕ್ಕೆ ಹೋಗಿ ಬಂದವರು ‘ನಮ್ಮದು ಹಾಗೆ ಹೊಳೆಯುವುದು ಯಾವಾಗ’ ಎಂದು ನಿಟ್ಟುಸಿರಿಡುತ್ತಾರೆ. ಅಲ್ಲಿರುವವು ನೋಡಲು ಇಟ್ಟ ಕಾರುಗಳು. ನಿಮ್ಮದು ತರಕಾರಿ ತರಲು ಹೋಗಲಿ. ಮಡ್‌ಗಾರ್ಡಿನ ಮೇಲೆ ಒಂದು ಗೀರು, ಸೀಟಿನ ಮೇಲೆ ಒಂದು ಹೊಲಿಗೆ ಇದ್ದರೆ ಇರಲಿ. ಕೆಳಗೆ ಗಟ್ಟಿ ಚಾಸಿ, ಎಣ್ಣೆ ಕಂಡ ಟ್ರನಿಯನ್, ಹಿಡಿಯುವ ಬ್ರೇಕು ಇದ್ದರೆ ಮಕ್ಕಳನ್ನು ಕೂರಿಸಿಕೊಂಡು ನಂದಿಬೆಟ್ಟದ ಬುಡದವರೆಗೆ ಧೈರ್ಯವಾಗಿ ಹೋಗಬಹುದು.

ಕಡೆಗೆ, ಇದನ್ನು ಖಾಸಗಿಯಾಗಿ ಬರೆಯದೆ ಎಲ್ಲರಿಗೂ ಬರೆದದ್ದೇಕೆ ಎಂದರೆ, ಒಬ್ಬೊಬ್ಬರೇ ಮಾಡಲಾಗದ ಒಂದು ಕೆಲಸ ಇದೆ. ಔಟ್‌ರಿಗರುಗಳು ಇಂಗ್ಲೆಂಡಿನಲ್ಲಿ ಹೊಸದಾಗಿ ಸಿಗುತ್ತವೆ. ಹಡಗಿನ ಬಾಡಿಗೆ, ಸುಂಕ ಎಲ್ಲ ಸೇರಿದರೆ ಕೈಗೆಟುಕುವುದಿಲ್ಲ. ಹಾಗಾಗಿ ಒಬ್ಬೊಬ್ಬರೂ ಒಂದೊಂದು ರೀತಿ ತಗಡು ಮಡಚಿ ಬೆಸೆಯುತ್ತಿದ್ದೀರಿ, ಒಂದರಂತೆ ಇನ್ನೊಂದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ತಗಡು ಮಡಚುವ ಯಂತ್ರಗಳಿಗೆ ಬರವಿಲ್ಲ. ಒಂದು ಜೊತೆಗೆ ಅಲ್ಲಿಯವರು ಅಚ್ಚು ಕೂರಿಸುವುದಿಲ್ಲ, ಇಪ್ಪತ್ತು ಜೊತೆ ಎಂದರೆ ಕೂರಿಸುತ್ತಾರೆ. ನಮ್ಮ ರಾಜ್ಯದ ಶೆಡ್ಡುಗಳಲ್ಲಿ ಅಷ್ಟು ಹೆರಾಲ್ಡ್ ಖಂಡಿತ ಇವೆ. ಎರಡು ಮಿಲಿಮೀಟರ್ ತಗಡು, ಎಲ್ಲರಿಗೂ ಒಂದೇ ಅಳತೆ, ಖರ್ಚು ಸಮಪಾಲು. ಸೇರುವವರು ಈ ಮಳೆಗಾಲ ಮುಗಿಯುವುದರೊಳಗೆ ತಿಳಿಸಿ.

ಬೇಕಾಗಿರುವುದು ಅಳತೆಗೆ ಒಂದು ಮಾದರಿ. ಮುಂದಿನದು, ಹಿಂದಿನದು ಎರಡೂ, ಬಾಗಿರದ, ಯಾರೂ ಕೈ ಹಾಕಿರದ ಮೂಲ ಔಟ್‌ರಿಗರ್ ನಿಮ್ಮ ಕಾರಿನಲ್ಲಿ ಉಳಿದಿದ್ದರೆ ಬಿಚ್ಚಬೇಡಿ, ಕತ್ತರಿಸಲೂ ಬೇಡಿ. ರಟ್ಟು, ಕ್ಯಾಲಿಪರ್ ಹಿಡಿದು ನಾವು ಕೆಲವರು ನಿಮ್ಮ ಶೆಡ್ಡಿಗೇ ಬರುತ್ತೇವೆ. ಬೆಕ್ಕಿನ ಮರಿಗಳು ಇನ್ನೂ ಡಿಕ್ಕಿಯಲ್ಲೇ ಇದ್ದರೆ ಮೊದಲೇ ಹೇಳಿಬಿಡಿ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಬೆಕ್ಕು ಕಂಡರೆ ಸೀನು.

ಇಂತಿ,
ನಿಮ್ಮ ಹಾಗೆಯೇ ಒಂದು ಹೆರಾಲ್ಡಿನ ಕೆಳಗೆ ಮಲಗುವವನು